ಡೆ ಮೊಯ್ನ್: ನಲ್ಲಿಯ ನೀರು ಕುದಿಸಿದರೆ ನೈಟ್ರೇಟ್ ಹೋಗುತ್ತದೆಯೇ?

ನಾಲ್ಕು ತಿಂಗಳ ಕೂಸಿಗೆ ನಲ್ಲಿ ನೀರನ್ನು ಹತ್ತು ನಿಮಿಷ ಕುದಿಸಿ ಹಾಲಿನ ಪುಡಿ ಕಲಸಿದರೆ ನೈಟ್ರೇಟ್ (ಹೊಲದಿಂದ ನೀರಿಗೆ ಸೇರುವ ಸಾರಜನಕದ ಲವಣ) ಭಯ ಇರುವುದಿಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ನಂಬಿಕೊಳ್ಳಬೇಡಿ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಇದ್ದಿಲಿನ ಜಗ್ ಫಿಲ್ಟರ್ ಕೂಡ ಅದನ್ನು ಹಿಡಿಯದು.

ಅಮೆರಿಕದ ಅಯೋವಾ ರಾಜ್ಯದ ಈ ರಾಜಧಾನಿಗೆ ನೀರು ಬರುವುದು ಅದೇ ಹೆಸರಿನ ಡೆ ಮೊಯ್ನ್ ನದಿಯಿಂದ ಮತ್ತು ಊರೊಳಗೇ ಅದನ್ನು ಕೂಡುವ ರಕೂನ್ ನದಿಯಿಂದ. ಎರಡೂ ಮೆಕ್ಕೆಜೋಳ, ಸೋಯಾ ಹೊಲಗಳ ನೀರು ಹೊತ್ತು ಬರುತ್ತವೆ. ಹೊಲದಡಿ ಹೂತ ಬಸಿಗೊಳವೆಗಳು ಮಳೆ ನೀರಿನ ಜೊತೆ ಸಾರಜನಕವನ್ನೂ ಹೊಳೆಗೆ ಸಾಗಿಸುವುದರಿಂದ ಮೇ, ಜೂನ್‌ನಲ್ಲಿ ನೈಟ್ರೇಟ್ ಮಟ್ಟ ಏರುತ್ತದೆ. ಕುಡಿಯುವ ನೀರಿಗೆ ಮಿತಿ, ನೈಟ್ರೇಟ್‌ನಲ್ಲಿರುವ ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 10 ಮಿ.ಗ್ರಾಂ. 2025ರ ಜೂನ್‌ನಲ್ಲಿ ನೀರಿನ ಬಳಕೆ ತಗ್ಗಿಸಿ ಆ ಮಿತಿ ಕಾಯಲು ಹುಲ್ಲುಹಾಸಿಗೆ ನೀರು ಬಿಡುವುದನ್ನೇ ನಿಷೇಧಿಸಿದ್ದರು.

ಮಿತಿಯೊಳಗಿದ್ದಾಗ ನಲ್ಲಿ ನೀರು ಸಾಕು. ಎಚ್ಚರಿಕೆ ಬಂದರೆ ಬಾಟಲಿ ನೀರು, ಇಲ್ಲವೇ ಸಿಂಕ್ ಕೆಳಗಿನ ಆರ್‌ಒ (ಪೊರೆಯ ಮೂಲಕ ನೀರು ಶೋಧಿಸುವ ಯಂತ್ರ). ಅದರ ಪೊರೆ ಹಳತಾದರೆ ನೈಟ್ರೇಟ್ ನುಸುಳುತ್ತದೆ, ರುಚಿಯಲ್ಲಿ ತಿಳಿಯದು, ಪರೀಕ್ಷೆ ಮಾಡಿಸಲೇಬೇಕು. ಮನೆಗೆ ಸ್ವಂತ ಬಾವಿಯಿದ್ದರಂತೂ ಈ ಹೊಣೆ ಪೂರ್ತಿ ನಿಮ್ಮದೇ. ನೈಟ್ರೇಟ್ ಹೆಚ್ಚಾದರೆ ಕೂಸಿನ ರಕ್ತ ಸಾಕಷ್ಟು ಆಮ್ಲಜನಕ ಒಯ್ಯಲಾರದು; ಮಗುವಿನ ತುಟಿ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಿ.