ಚೆಂಡೇ ಸರಿಯಾಗಿ ಬಾರದಿದ್ದರೆ ಗೋಲು ಎಲ್ಲಿಂದ ಬರಬೇಕು?

ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳು ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಆಡುವುದು ಹೆಚ್ಚಿದಂತೆ ನನಗೆ ಬರುವ ಪ್ರಶ್ನೆಗಳೂ ಹೆಚ್ಚಿವೆ. ಜೂನಿಯರ್ ತಂಡಗಳ ಫಾರ್ವರ್ಡ್‌ಗಳಿಗೆ (ಗೋಲು ಹೊಡೆಯಲು ಮುಂದೆ ಆಡುವವರಿಗೆ) ತರಬೇತಿ ಕೊಡುವ ನನಗೆ ಎತ್ತರದ ಹುಡುಗರ ಅಪ್ಪ–ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಮಗ ಗೋಲು ಹೊಡೆಯುತ್ತಿಲ್ಲ, ಏನು ಮಾಡಲಿ? ಈ ಸಲ ಅದಕ್ಕೇ ಹೆಚ್ಚು ಜಾಗ. ಆಟದ ನಿಯಮಗಳನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಮಗನಿಗೆ 14. ಕೀ ಫಾರ್ವರ್ಡ್ (ಎತ್ತರದ ಚೆಂಡು ಹಿಡಿಯುವ ಮುಖ್ಯ ಫಾರ್ವರ್ಡ್) ಆಗುವ ಆಸೆ, ಆದರೆ ಎತ್ತರ ಸಾಲದು. ಎತ್ತರ ಬೆಳೆಸುವ ಪುಡಿ ಕೊಡಬಹುದೇ?

ಬೇಡ. ಅಂಥ ಪುಡಿ ಯಾವುದೂ ಇಲ್ಲ, ಮಾರುವವರು ಇದ್ದಾರೆ ಅಷ್ಟೇ. ಆ ದುಡ್ಡಿಗೆ ಒಳ್ಳೆಯ ಬೂಟು ಕೊಡಿಸಿ.

ಪ್ರಶ್ನೆ: ಮಗನಿಗೆ 17, ಎತ್ತರ 194 ಸೆಂ.ಮೀ. ಗೋಲಿಗೆ ತೀರ ಹತ್ತಿರದ ಫುಲ್ ಫಾರ್ವರ್ಡ್ ಜಾಗದಲ್ಲಿ ಆಡುತ್ತಾನೆ. ಐದು ಪಂದ್ಯಗಳಲ್ಲಿ ಮೂರೇ ಗೋಲು. ಎರಡನೇ ತಂಡಕ್ಕೆ ಕಳಿಸುತ್ತೇನೆ ಅನ್ನುತ್ತಿದ್ದಾರೆ ಕೋಚ್. ಜಿಮ್‌ಗೆ ಸೇರಿಸಲೇ, ಪ್ರೈವೇಟ್ ಕೋಚಿಂಗ್ ಕೊಡಿಸಲೇ?

ಗೋಲು ಎಷ್ಟು ಅಂತ ಬರೆದಿದ್ದೀರಿ. ಅವನ ಕಡೆಗೆ ಚೆಂಡು ಎಷ್ಟು ಸಲ ಬಂತು, ಹೇಗೆ ಬಂತು ಅಂತ ಬರೆದಿಲ್ಲ. ಈ ಪ್ರಶ್ನೆ ಕಳಿಸುವ ಯಾರೂ ಅದನ್ನು ಬರೆಯುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಮುಂದಿನ ಪಂದ್ಯದಲ್ಲಿ ನಿಮ್ಮ ಮಗನನ್ನು ಬಿಟ್ಟು ಅವನಿಗೆ ಚೆಂಡು ಒದೆಯುವವರನ್ನು ನೋಡಿ. ಮಿಡ್‌ಫೀಲ್ಡಿನ ಹುಡುಗ ಚೆಂಡು ಸಿಕ್ಕ ಕೂಡಲೇ ತಲೆ ಎತ್ತದೆ ಆಕಾಶಕ್ಕೆ ಬಾರಿಸುತ್ತಾನೆ. ಚೆಂಡು ಕೆಳಗೆ ಬರುವಷ್ಟರಲ್ಲಿ ಅಲ್ಲಿ ಮೂವರು ಡಿಫೆಂಡರ್‌ಗಳು ಸೇರಿರುತ್ತಾರೆ, ಒಬ್ಬ ಹಿಂದಿನಿಂದ ಮುಷ್ಟಿಯಲ್ಲಿ ಗುದ್ದಿ ಚೆಂಡನ್ನು ಆಚೆ ಕಳಿಸುತ್ತಾನೆ. ಇಂಥ ಚೆಂಡನ್ನು ಎಎಫ್‌ಎಲ್ (ಫೂಟಿಯ ಅತ್ಯುನ್ನತ ಲೀಗ್) ಆಟಗಾರನೂ ಹತ್ತರಲ್ಲಿ ಎಂಟು ಸಲ ಹಿಡಿಯಲಾರ. ಫಾರ್ವರ್ಡ್ ಓಡಿ ಬರುತ್ತಿರುವ ದಾರಿಯಲ್ಲಿ, ಅವನ ಮುಂದೆ, ಡಿಫೆಂಡರ್ ಇಲ್ಲದ ಬದಿಗೆ, ಎದೆಮಟ್ಟಕ್ಕೆ ಬರುವಂತೆ ಒದೆಯಬೇಕು. ಅದನ್ನು ಕಲಿಯಬೇಕಾದವರು ಮಿಡ್‌ಫೀಲ್ಡಿನವರು. ನಿಮ್ಮ ಮಗನನ್ನು ಜಿಮ್‌ಗೆ ಸೇರಿಸಿದರೆ ಅವರಿಗೆ ಒದೆಯಲು ಬರುತ್ತದೆಯೇ?

ಎರಡನೆಯದು, ಅವನ ಜೊತೆ ಇನ್ನೊಬ್ಬ ಎತ್ತರದವನು ಇದ್ದಾನೆಯೇ? ಒಬ್ಬನೇ ಇದ್ದರೆ ಎದುರಾಳಿಯ ಅತ್ಯುತ್ತಮ ಡಿಫೆಂಡರ್ ಪಂದ್ಯಪೂರ್ತಿ ಅವನಿಗೇ ಅಂಟಿಕೊಳ್ಳುತ್ತಾನೆ. ಎಎಫ್‌ಎಲ್ ಕ್ಲಬ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2015ರಲ್ಲಿ, ಕಾರ್ಲ್ಟನ್ ಕ್ಲಬ್ ಎತ್ತರದ ಫಾರ್ವರ್ಡ್‌ಗಳಾದ ಹ್ಯಾರಿ ಮೆಕೇ, ಚಾರ್ಲಿ ಕರ್ನೋ ಇಬ್ಬರನ್ನೂ ತೆಗೆದುಕೊಂಡಿತು. ಅತಿ ಹೆಚ್ಚು ಗೋಲು ಹೊಡೆದವನಿಗೆ ಸಿಗುವ ಕೋಲ್‌ಮನ್ ಪದಕ 2021ರಲ್ಲಿ ಮೆಕೇಗೆ ಬಂತು, 2022 ಮತ್ತು 2023ರದು ಕರ್ನೋಗೆ. ಒಬ್ಬನನ್ನು ಕಾಯಲು ಹೋದರೆ ಇನ್ನೊಬ್ಬ ತಪ್ಪಿಸಿಕೊಳ್ಳುತ್ತಿದ್ದ. ನಿಮ್ಮ ಕ್ಲಬ್‌ನಲ್ಲಿ ಎರಡನೇ ಎತ್ತರದ ಹುಡುಗ ಇಲ್ಲದಿದ್ದರೆ ಚುರುಕಿನ ಗಿಡ್ಡ ಹುಡುಗರನ್ನಾದರೂ ಅವನ ಕಾಲಬಳಿ ಇರಿಸಬೇಕು. 2017ರಲ್ಲಿ ರಿಚ್ಮಂಡ್ ಕ್ಲಬ್ ಎಎಫ್‌ಎಲ್ ಚಾಂಪಿಯನ್ ಆದದ್ದು ಹಾಗೆಯೇ. ಮುಂದೆ ಎತ್ತರದವನು ಅಂತ ಮುಖ್ಯವಾಗಿ ಇದ್ದವನು ಜ್ಯಾಕ್ ರೀವೋಲ್ಟ್. ಹಿಡಿಯಲಾಗದ ಚೆಂಡನ್ನು ಅವನು ನೆಲಕ್ಕೆ ಬೀಳಿಸುತ್ತಿದ್ದ, ಸುತ್ತಲಿನ ಗಿಡ್ಡ ಹುಡುಗರು ಹೆಕ್ಕಿಕೊಳ್ಳುತ್ತಿದ್ದರು. ಚೆಂಡು ಡಿಫೆಂಡರ್ ಕೈಸೇರದಂತೆ ನೋಡಿಕೊಂಡರೆ ಅದೂ ಕೆಲಸವೇ. ಅದನ್ನು ಎಣಿಸಿ. ನಾನು ನನ್ನ ಹುಡುಗರಿಗೆ ಎಣಿಸುವುದು ಅದನ್ನೇ: ಎಷ್ಟು ಸಲ ಚೆಂಡಿಗೆ ಪೈಪೋಟಿ ಕೊಟ್ಟ, ಅದರಲ್ಲಿ ಎಷ್ಟು ಸಲ ಎದುರಾಳಿಗೆ ಮಾರ್ಕ್ (ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿಯುವುದು) ಸಿಗದಂತೆ ತಡೆದ.

ಇನ್ನು ಅವನು ಕಲಿಯಬೇಕಾದದ್ದು. ಈ ವಯಸ್ಸಿನವರು ಚೆಂಡು ಒದೆಯುವ ಮೊದಲೇ ಓಡಿಬಿಡುತ್ತಾರೆ, ಚೆಂಡು ಬರುವ ಹೊತ್ತಿಗೆ ನಿಂತಿರುತ್ತಾರೆ. ಒದೆಯುವವನು ತಲೆ ಎತ್ತುವುದನ್ನು ನೋಡಿ, ಎರಡು ಹೆಜ್ಜೆ ಒಂದು ಕಡೆ ಹಾಕಿ, ಡಿಫೆಂಡರ್ ಆ ಕಡೆ ವಾಲಿದಾಗ ಇನ್ನೊಂದು ಕಡೆ ಲೀಡ್ ಹೊಡೆಯಬೇಕು, ಅಂದರೆ ಚೆಂಡು ಪಡೆಯಲು ಜೋರಾಗಿ ಓಡಬೇಕು. ಎತ್ತರದ ಚೆಂಡು ಬಂದರೆ ಸೊಂಟ, ಬೆನ್ನುಗಳಿಂದ ಜಾಗ ಹಿಡಿದುಕೊಂಡು, ಕೊನೇ ಗಳಿಗೆಯಲ್ಲಿ ಕೈ ಮುಂದೆ ಚಾಚಬೇಕು. ಮೊದಲೇ ಕೈ ಎತ್ತಿದರೆ ಡಿಫೆಂಡರ್‌ಗೆ ಹೇಳಿಕೊಟ್ಟಂತೆ. ಸೆಟ್ ಶಾಟ್ (ಮಾರ್ಕ್ ಹಿಡಿದ ಮೇಲೆ ಅಡ್ಡಿಯಿಲ್ಲದೆ ಗೋಲಿಗೆ ಒದೆಯುವುದು) ಅಭ್ಯಾಸವನ್ನು ತರಬೇತಿಯ ಕೊನೆಗೆ, ಸುಸ್ತಾದ ಮೇಲೆ ಮಾಡಿಸಿ. ಪಂದ್ಯದಲ್ಲಿ ಅವನು ಒದೆಯುವುದು ಓಡಿ ಏದುಸಿರು ಬಿಡುತ್ತಿರುವಾಗಲೇ. ಪ್ರತಿ ಸಲವೂ ಅಷ್ಟೇ ಹೆಜ್ಜೆ, ಅದೇ ಉಸಿರು, ಚೆಂಡು ಕೈಯಿಂದ ನೇರವಾಗಿ ಪಾದಕ್ಕೆ ಇಳಿಯಬೇಕು. ತಪ್ಪುವ ಹತ್ತು ಶಾಟ್‌ಗಳಲ್ಲಿ ಹೆಚ್ಚಿನವು ಕೈಯಲ್ಲೇ ತಪ್ಪಿರುತ್ತವೆ, ಕಾಲಿನಲ್ಲಲ್ಲ.

ಎರಡನೇ ತಂಡಕ್ಕೆ ಹೋಗಲಿ ಬಿಡಿ. ಆದರೆ ಕೋಚ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ: ಅಲ್ಲಿಯೂ ಫಾರ್ವರ್ಡ್ ಜಾಗದಲ್ಲೇ ಆಡಿಸಬೇಕು. ಒಂದು ವಾರ ಡಿಫೆನ್ಸ್, ಒಂದು ವಾರ ಬೆಂಚು ಅಂತ ಅಲೆದಾಡಿಸಿದರೆ ಹುಡುಗ ಏನೂ ಕಲಿಯುವುದಿಲ್ಲ. ನಡುನಡುವೆ ಐದು ನಿಮಿಷ ರಕ್‌ನಲ್ಲಿ (ಆಟ ಶುರುವಾಗುವಾಗ ಮೇಲೆದ್ದ ಚೆಂಡಿಗೆ ಜಿಗಿದು ತಟ್ಟುವ ಜಾಗದಲ್ಲಿ) ಆಡಿಸಿದರೆ ನನ್ನ ತಕರಾರಿಲ್ಲ, ಚೆಂಡು ಮುಟ್ಟಿದ ಧೈರ್ಯವಾದರೂ ಬರುತ್ತದೆ. ಎತ್ತರದವರು ನಿಧಾನವಾಗಿಯೇ ಪಕ್ವವಾಗುವುದು. ಜೀಲಾಂಗ್ ಕ್ಲಬ್‌ನ ಎತ್ತರದ ಫಾರ್ವರ್ಡ್ ಟಾಮ್ ಹಾಕಿನ್ಸ್ 2007ರಲ್ಲಿ ಮೊದಲ ಪಂದ್ಯ ಆಡಿದ, 2011ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದ, ಕೋಲ್‌ಮನ್ ಪದಕ ಬಂದದ್ದು 2020ರಲ್ಲಿ, 32ನೇ ವಯಸ್ಸಿಗೆ. ನೀವು ಐದು ಪಂದ್ಯಕ್ಕೇ ಕೈಚೆಲ್ಲುತ್ತಿದ್ದೀರಿ.

ಜಿಮ್ ಬೇಡ ಅನ್ನುವುದಿಲ್ಲ. ಆದರೆ ಸರಸರನೆ ಎತ್ತರ ಬೆಳೆದ ಹುಡುಗನ ಬೆನ್ನಿನ ವಿಷಯದಲ್ಲಿ ನನಗೆ ಬಹಳ ಭಯ. ಮೊದಲು ಫಿಸಿಯೊಗೆ ತೋರಿಸಿ, ಭಾರ ಎಷ್ಟು ಎತ್ತಬೇಕೆಂದು ಅವರೇ ಹೇಳಲಿ. 'ಆರು ವಾರದಲ್ಲಿ ಡ್ರಾಫ್ಟ್‌ಗೆ ಸಿದ್ಧ' ಎನ್ನುವ ಪ್ರೈವೇಟ್ ಕೋಚ್‌ಗಳ ಹತ್ತಿರ ಸುಳಿಯಬೇಡಿ. ಹಾಗೆ ಹೇಳುವವನಿಗೆ ಡ್ರಾಫ್ಟ್ ಅಂದರೇನೆಂದೇ ಗೊತ್ತಿಲ್ಲ. ಮತ್ತೆ, ದಯವಿಟ್ಟು, ಮನೆಗೆ ಹೋಗುವಾಗ ಕಾರಿನಲ್ಲಿ ಗೋಲಿನ ಲೆಕ್ಕ ಕೇಳಬೇಡಿ. ಅವನಿಗೆ ಅದು ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.

ಪ್ರಶ್ನೆ: ಮಗಳಿಗೆ 12. ಮಂಡಿಚಿಪ್ಪಿನ ಕೆಳಗೆ ಉಬ್ಬು, ಜಿಗಿದರೆ ನೋವು. ಪರಿಚಯದವರೊಬ್ಬರು ಎಳೆದು ಸರಿಮಾಡುತ್ತೇನೆ ಅನ್ನುತ್ತಾರೆ.

ಅವರ ಕೈಗೆ ಕಾಲು ಕೊಡಬೇಡಿ. ಬೆಳೆಯುವ ವಯಸ್ಸಿನಲ್ಲಿ ಓಡುವ, ಜಿಗಿಯುವ ಮಕ್ಕಳಿಗೆ ಬರುವ ಆಸ್ಗುಡ್–ಶ್ಲಾಟರ್ ಇರಬಹುದು. ಡಾಕ್ಟರಿಗೋ ಫಿಸಿಯೊಗೋ ತೋರಿಸಿ, ಅವರು ಹೇಳಿದಷ್ಟು ಜಿಗಿತ ಕಡಿಮೆ ಮಾಡಿ.

ಪ್ರಶ್ನೆ: ಮಾರ್ಕ್ ಹಿಡಿಯುವಾಗ ತಲೆಗೆ ಮೊಣಕೈ ಬಡಿದು ಮಗನಿಗೆ ಕನ್‌ಕಷನ್ (ಮಿದುಳಿಗೆ ಪೆಟ್ಟು) ಆಗಿದೆ. ಈಗ ಸರಿಯಿದ್ದಾನೆ. ಬರುವ ವಾರ ಫೈನಲ್, ಆಡಿಸಬಹುದೇ?

ಇಲ್ಲ. ಸಮುದಾಯ ಫೂಟಿಯಲ್ಲಿ ಕನಿಷ್ಠ 21 ದಿನ ಕಳೆಯಬೇಕು, ಅದೂ ಹಂತಹಂತವಾಗಿ ತರಬೇತಿಗೆ ಮರಳಿ, ಡಾಕ್ಟರ್ ಒಪ್ಪಿದ ಮೇಲೆ. ಫೈನಲ್ ಇದ್ದರೂ ಇಲ್ಲ, ಕೋಚ್ ಕೇಳಿದರೂ ಇಲ್ಲ.