ಅಂಕ ಕೊಡುವ ಮೊದಲು ಅದೇ ಸಿಗಾರ್ ಮತ್ತೊಮ್ಮೆ ಸೇದಿ ನೋಡಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಒಂದೇ ಬಗೆಯ ಐದು ರೊಬಸ್ಟೊ ಸಿಗಾರ್ ತರಿಸಿದ್ದೀರಿ. ಬಂದ ದಿನವೇ ಎರಡು ಸೇದಿದ್ದೀರಿ. ಪತ್ರಿಕೆಯೊಂದು ಅದಕ್ಕೆ 100ಕ್ಕೆ 93 ಅಂಕ ಕೊಟ್ಟಿದೆ, ನಿಮಗೆ 82ರ ಮೇಲೆ ಕೊಡಲು ಮನಸ್ಸಾಗಲಿಲ್ಲ. ಅರ್ಧ ದಾಟಿದ ಮೇಲೆ ಬರೀ ಕಹಿ, ನನ್ನ ನಾಲಿಗೆಯೇ ಸರಿಯಿಲ್ಲವಾ ಅಂತ ಕೇಳಿದ್ದೀರಿ.

ನಾಲಿಗೆ ಸರಿಯಾಗಿಯೇ ಇದೆ. ನೀವೇ ಇನ್ನೊಂದು ಮಾತು ಬರೆದಿದ್ದೀರಿ, ಒಂದೊಂದೂ 25 ನಿಮಿಷದಲ್ಲಿ ಮುಗಿಯಿತು ಅಂತ. ಕಹಿಯ ಮೂಲ ಅಲ್ಲಿದೆ.

ರೊಬಸ್ಟೊ ಅಂದರೆ ಸುಮಾರು 5 ಇಂಚು ಉದ್ದ, 50 ರಿಂಗ್ ಗೇಜ್. ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 50 ಭಾಗದಷ್ಟು ದಪ್ಪ. ಇಷ್ಟು ದಪ್ಪದ ಸಿಗಾರ್ ನಿಧಾನವಾಗಿ ಸೇದಿದರೆ 45 ನಿಮಿಷದಿಂದ ಒಂದು ಗಂಟೆ ಬರಬೇಕು. ನೀವು ಅದರ ಎರಡು ಪಟ್ಟು ವೇಗದಲ್ಲಿ ಎಳೆದಿದ್ದೀರಿ. ಆಗ ಕೆಂಡ ಅತಿಯಾಗಿ ಕಾಯುತ್ತದೆ, ಎಲೆ ಹದವಾಗಿ ಉರಿಯುವ ಬದಲು ಸೀಯುತ್ತದೆ. ಮೇಲಾಗಿ ಹೊಗೆಯಲ್ಲಿರುವ ಎಣ್ಣೆ, ಟಾರ್ ಎಲ್ಲ ಉಳಿದ ಭಾಗದಲ್ಲಿ ಕೂರುತ್ತಾ ಹೋಗುತ್ತವೆ. ಅದಕ್ಕೇ ಕಹಿ ಅರ್ಧ ದಾಟಿದ ಮೇಲೆ ಕಾಣಿಸಿಕೊಂಡಿದ್ದು. ನಿಮಿಷಕ್ಕೊಂದು ದಮ್ಮು ಸಾಕು. ಕೆಂಡದ ಹಿಂದಿನ ಭಾಗ ಮುಟ್ಟಿದಾಗ ಬೆರಳಿಗೆ ಬಿಸಿ ತಾಗಿದರೆ ಕೆಳಗಿಟ್ಟು ಸ್ವಲ್ಪ ಸುಮ್ನೆ ಕೂತುಕೊಳ್ಳಿ. ಆರಿದರೂ ಪರವಾಗಿಲ್ಲ. ಬೂದಿ ಉದುರಿಸಿ, ಒಳಗೆ ನಿಂತ ಹಳೇ ಹೊಗೆಯನ್ನು ಒಮ್ಮೆ ಹೊರಕ್ಕೆ ಊದಿ, ಮತ್ತೆ ಹಚ್ಚಿ.

ಇನ್ನು ಬಂದ ದಿನವೇ ಸೇದಿದ ವಿಷಯ. ದಾರಿಯಲ್ಲಿ ಸಿಗಾರ್ ಎಷ್ಟು ಒಣಗಿತೋ, ಎಷ್ಟು ತೇವ ಹೀರಿತೋ ಹೇಳಲು ಬರುವುದಿಲ್ಲ. ಸಿಗಾರಿನ ತೇವ ಕಾಪಾಡುವ ಪೆಟ್ಟಿಗೆ, ಅಂದರೆ ಹ್ಯುಮಿಡರ್, ಇಲ್ಲದಿದ್ದರೆ ಗಾಳಿ ಹೋಗದ ಡಬ್ಬಿಯೂ ಆದೀತು, ಒಳಗೆ ತೇವ ಕಾಯುವ ಪೊಟ್ಟಣ ಹಾಕಿ ಎರಡು ವಾರ ಇಡಿ. ತೇವಾಂಶ 65ರಿಂದ 70 ಶೇಕಡಾ ಇರಲಿ. ನನಗೆ 65ರ ಕಡೆಯೇ ಹಿಡಿಸುತ್ತದೆ, ಡ್ರಾ, ಅಂದರೆ ಹೊಗೆಯ ಎಳೆತ, ಸಲೀಸಾಗಿರುತ್ತದೆ. ತೇವ ಜಾಸ್ತಿಯಾದರೆ ಎಳೆಯಲು ಕಷ್ಟ, ಒಂದು ಬದಿ ಮಾತ್ರ ಉರಿಯುತ್ತದೆ, ಪದೇ ಪದೇ ಆರುತ್ತದೆ. ಒಣಗಿದ್ದರೆ ಬೇಗ ಉರಿದು ನಾಲಿಗೆ ಸುಡುತ್ತದೆ. ಇವೆರಡನ್ನೂ ನಾವು ಸಿಗಾರಿನ ತಪ್ಪು ಅಂತ ಬರೆದುಬಿಡುತ್ತೇವೆ. ಒಮ್ಮೆ ಒಂದು ಸಿಗಾರಿನಲ್ಲಿ ನನಗೆ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂತು, ತೀರಾ ಕಡಿಮೆ ಅಂಕ ಬರೆದಿಟ್ಟೆ. ಅದೇ ಪೆಟ್ಟಿಗೆಯ ಇನ್ನೊಂದನ್ನು ನಾಲ್ಕು ತಿಂಗಳ ನಂತರ ಸೇದಿದಾಗ ಆ ವಾಸನೆ ಇರಲೇ ಇಲ್ಲ. ಎಲೆ ಹುದುಗುವುದು ಪೂರ್ತಿ ಮುಗಿದಿರಲಿಲ್ಲ, ಅಷ್ಟೇ. ಅಂದಿನಿಂದ ಒಂದೇ ಸಿಗಾರ್ ಸೇದಿ ನಾನು ಅಂಕ ಕೊಡುವುದಿಲ್ಲ. ಕನಿಷ್ಠ ಮೂರು ಬೇಕು, ಬೇರೆ ಬೇರೆ ದಿನ. ಕೈಯಲ್ಲಿ ಸುತ್ತಿದ ವಸ್ತು ಇದು, ಒಂದರಲ್ಲಿ ಫಿಲ್ಲರ್, ಅಂದರೆ ಒಳಗೆ ತುಂಬುವ ಎಲೆ, ಬಿಗಿಯಾಗಿ ಕೂತಿರಬಹುದು. ಹಾಗಾದರೆ ಅದನ್ನು ಪಕ್ಕದಲ್ಲಿ ಬರೆದಿಡಿ, ರುಚಿಯ ಅಂಕಕ್ಕೆ ಬೆರೆಸಬೇಡಿ.

ಒಂದೇ ದಿನ ಎರಡು ಬೇಡವೇ ಬೇಡ. ಎರಡನೆಯದು ನಿಮಗೆ ಸಪ್ಪೆ ಅನಿಸಿ ತಲೆ ತಿರುಗಿತು ಅಂದಿದ್ದೀರಿ. ಸಿಗಾರ್ ಹೊಗೆ ಕ್ಷಾರೀಯ, ಹಾಗಾಗಿ ಒಳಗೆ ಎಳೆದುಕೊಳ್ಳದಿದ್ದರೂ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ಮೈಗೆ ಸೇರುತ್ತದೆ. ಒಳಗೆ ಎಳೆಯುವುದಿಲ್ಲ ಅಂದ ಮಾತ್ರಕ್ಕೆ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ತಪ್ಪುವುದಿಲ್ಲ, ಇದನ್ನೂ ನೆನಪಿಡಿ. ಅಪರೂಪಕ್ಕೊಂದು, ಹೊಟ್ಟೆ ತುಂಬಿದ ಮೇಲೆ, ಪಕ್ಕದಲ್ಲಿ ಬರೀ ನೀರು.

ಈಗ ಆ 93ರ ಬಗ್ಗೆ. ಸಿಗಾರ್ ಅಫಿಶಿಯೊನಾಡೊ ಪತ್ರಿಕೆ 1992ರಲ್ಲಿ ಶುರುವಾಯಿತು, 100ಕ್ಕೆ ಇಷ್ಟು ಅಂತ ಅಂಕ ಕೊಡುವ ರೂಢಿ ಹರಡಿದ್ದು ಬಹುಪಾಲು ಅದರಿಂದ. ಅಲ್ಲಿ ಬ್ಯಾಂಡ್, ಅಂದರೆ ಹೆಸರಿರುವ ಕಾಗದದ ಪಟ್ಟಿ, ತೆಗೆದು ಸೇದುತ್ತಾರೆ, ಸೇದುವವರಿಗೆ ಹೆಸರು ಗೊತ್ತಿರುವುದಿಲ್ಲ. ಅವರಿಂದ ಕಲಿಯಬೇಕಾದದ್ದು ಅಂಕಕ್ಕಿಂತ ಆ ಕ್ರಮ. ನೀವು 93 ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ಹಚ್ಚಿದಿರಿ, ಅಲ್ವಾ? ಆಮೇಲೆ ನಾಲಿಗೆ ಹೇಳಿದ್ದು ಕಿವಿಗೆ ಬೀಳುವುದು ಕಷ್ಟ.

ನಿಮ್ಮ ಟಿಪ್ಪಣಿಯಲ್ಲಿ ಚರ್ಮ, ಕೋಕೋ, ಒಣದ್ರಾಕ್ಷಿ, ದೇವದಾರು ಅಂತಿದೆ. ಇವೆಲ್ಲ ನಿಮಗೆ ನಿಜವಾಗಿ ಸಿಕ್ಕಿದವಾ, ಓದಿದ್ದಾ? ಕೇಳುತ್ತಿರುವುದು ತಪ್ಪು ಹಿಡಿಯಲು ಅಲ್ಲ. ಹುರಿದ ಬೀಜ, ಒಣಹುಲ್ಲು, ಒದ್ದೆ ಮಣ್ಣು, ಕರಿಮೆಣಸು ಅಂತ ನಿಮಗೆ ಗೊತ್ತಿರುವ ವಾಸನೆಯನ್ನೇ ಬರೆಯಿರಿ. ಏನೂ ಹೊಳೆಯದಿದ್ದರೆ ಸಿಹಿ, ಖಾರ, ಕಹಿ ಅಂತಷ್ಟೇ ಬರೆದರೂ ಸಾಕು. ತುದಿ ಕತ್ತರಿಸಿದ ಮೇಲೆ ಹಚ್ಚುವ ಮೊದಲು ಒಮ್ಮೆ ಎಳೆದು ನೋಡಿ, ಎಲೆಯ ಸಹಜ ರುಚಿ ಮತ್ತು ಡ್ರಾ ಎರಡೂ ಆಗಲೇ ತಿಳಿಯುತ್ತವೆ. ಹಚ್ಚಿದ ಮೇಲೆ ನಾಲ್ಕೈದು ದಮ್ಮಿಗೊಮ್ಮೆ ಬಾಯಲ್ಲಿರುವ ಹೊಗೆಯಲ್ಲಿ ಸ್ವಲ್ಪವೇ ಸ್ವಲ್ಪ ಮೂಗಿನಿಂದ ಬಿಡಿ. ಸೂಕ್ಷ್ಮ ವಾಸನೆಗಳು ಸಿಗುವುದು ಅಲ್ಲೇ, ನಾಲಿಗೆಗೆ ಅವು ಎಟುಕುವುದಿಲ್ಲ. ಸಿಗಾರನ್ನು ಮೂರು ಭಾಗ ಅಂದುಕೊಂಡು ಒಂದೊಂದು ಭಾಗಕ್ಕೂ ಎರಡು ಸಾಲು ಬರೆಯಿರಿ. ಮೊದಲ ಭಾಗದಲ್ಲೂ ಕೊನೆಯ ಭಾಗದಲ್ಲೂ ಒಂದೇ ರುಚಿ ಇದ್ದರೆ ನಾನು ಅಂಕ ಕಡಿಮೆ ಮಾಡುತ್ತೇನೆ. ಗಿಡದ ತುದಿಯ ಖಡಕ್ ಲಿಗೇರೊ ಎಲೆ, ನಡುವಿನ ಸೆಕೊ, ಕೆಳಗಿನ ವೊಲಾಡೊ ಎಲ್ಲ ಸೇರಿಸಿ ಸುತ್ತುವುದು ರುಚಿಗೆ ಪದರಗಳು ಬರಲಿ ಅಂತಲೇ ತಾನೇ.

ಉಳಿದ ಮೂರನ್ನು ಎರಡು ವಾರ ಇಟ್ಟು, ಅದೇ ಅಳತೆಯ ಬೇರೆ ಎರಡು ಸಿಗಾರ್ ಜೊತೆ ಸೇರಿಸಿ. ಬ್ಯಾಂಡ್ ಕಾಣದಂತೆ ಕಾಗದ ಸುತ್ತಿ ನಂಬರ್ ಹಾಕಲು ಮನೆಯವರಿಗೆ ಹೇಳಿ. ಬ್ಯಾಂಡ್ ಕೀಳಲು ಹೋಗಬೇಡಿ, ಅಂಟು ಹೊರಗಿನ ಎಲೆಗೆ ಹತ್ತಿದ್ದರೆ ಎಲೆ ಹರಿಯುತ್ತದೆ. ಐದೂ ಮುಗಿಯುವವರೆಗೆ ಕಾಗದ ಬಿಚ್ಚಬೇಡಿ. ಆಗಲೂ 82 ಬಂದರೆ, ನಿಮ್ಮ ಪುಸ್ತಕದಲ್ಲಿ 82 ಅಂತಲೇ ಇರಲಿ.