ನರ್ಸಿಂಗ್ ಓದುವವರು ತಮ್ಮ ಒಳ್ಳೆಯ ಗುಣಗಳನ್ನೇ ಬಳಸಿ ಮನಸ್ಸು ಹಗುರ ಮಾಡಿಕೊಳ್ಳಬಹುದಾ? ಹುಬ್ಬಳ್ಳಿಯಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ.

ಖಂಡಿತ ಆಗುತ್ತದೆ. ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಎಲ್ಲರೂ ತಮಗೆ ಏನು ಬರುವುದಿಲ್ಲ ಅನ್ನೋದನ್ನೇ ಎಣಿಸುತ್ತಾರೆ, ಅಲ್ವಾ? ನೀವು ನಿಮ್ಮಲ್ಲಿ ಆಗಲೇ ಇರುವುದನ್ನು ನೋಡಿ.

ಮನೋವಿಜ್ಞಾನಿಗಳಾದ ಕ್ರಿಸ್ಟೋಫರ್ ಪೀಟರ್ಸನ್, ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಇಂಥ 24 ಗುಣಗಳನ್ನು ಪಟ್ಟಿ ಮಾಡಿದರು: ಕರುಣೆ, ಕುತೂಹಲ, ಹಾಸ್ಯ, ಪಟ್ಟು ಬಿಡದಿರುವುದು ಹೀಗೆ. ಅವರ ತಂಡದ 2005ರ ಅಧ್ಯಯನದಲ್ಲಿ, ತಮ್ಮ ಮುಖ್ಯ ಗುಣವನ್ನು ಒಂದು ವಾರ ದಿನಾ ಹೊಸ ರೀತಿಯಲ್ಲಿ ಬಳಸಿದವರಲ್ಲಿ ಆರು ತಿಂಗಳವರೆಗೂ ಖುಷಿ ಜಾಸ್ತಿ, ಖಿನ್ನತೆಯ ಲಕ್ಷಣ ಕಡಿಮೆ ಇತ್ತು. ಹೊಸ ರೀತಿಯಲ್ಲಿ ಬಳಸಬೇಕು, ಅದೇ ಮುಖ್ಯ.

ಜನರ ಜೊತೆ ಸಲೀಸಾಗಿ ಬೆರೆಯುತ್ತೀರಾ? ಹಾವೇರಿ ಕಡೆಯಿಂದ ಬಂದ ಅಜ್ಜಿಗೆ ಬಿಪಿ ನೋಡುವಾಗ "ಊಟ ಆತೇನ್ರಿ ಅಮ್ಮಾರ?" ಎಂದು ಕೇಳಿ. ಅವರ ಭಯವೂ ಇಳಿಯುತ್ತದೆ, ನಿಮ್ಮದೂ. ಕುತೂಹಲ ಜಾಸ್ತಿ ಇದ್ದರೆ, ಒಂದು ಔಷಧಿ ಯಾಕೆ ಕೊಟ್ಟಿದ್ದಾರೆಂದು ದಿನಾ ಸಿಸ್ಟರ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ಕರುಣೆ ಇರುವವರ ಬಗ್ಗೆ ಮಾತ್ರ ನನಗೆ ಚಿಂತೆ. ಅವರು ಎಲ್ಲರ ಕೆಲಸ ಹೊತ್ತು ಸೋತುಹೋಗುತ್ತಾರೆ. ಅದೇ ಕರುಣೆಯನ್ನು ಸ್ವಲ್ಪ ನಿಮ್ಮ ಮೇಲೂ ತೋರಿಸಿ, ಬೇರೆಯವರ ನೈಟ್ ಡ್ಯೂಟಿಗೆ ಒಮ್ಮೆಯಾದರೂ ಆಗಲ್ಲ ಅನ್ನಿ.

ಬೇಸರ ಎರಡು ವಾರ ದಾಟಿ ನಿದ್ದೆ, ಊಟ ಕೆಟ್ಟರೆ ಇಷ್ಟು ಸಾಲದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.